ಸತ್ತವರಿಗೆಲ್ಲ ಒಂದೇ ಅಂಗಿ

ಅರಬ್ ಕಡಲತೀರದ ಸೂರ್ ಪಟ್ಟಣದಲ್ಲಿ ಯಾರೇ ಸತ್ತರೂ ನಲವತ್ತನೆಯ ದಿನದ ಸ್ಮರಣೆ ಸಭೆಯ ಭಾಷಣ ಮುನೀಫ್ ಮೇಷ್ಟರದ್ದೇ. ಶಾಲೆಯಲ್ಲಿ ಅರಬ್ಬಿ ಕಲಿಸಿ ನಿವೃತ್ತರಾದ ಮೇಲೆ ಅವರಿಗೆ ಇದೊಂದೇ ಕೆಲಸ, ಇದೊಂದೇ ಹೆಮ್ಮೆ. ಬರವಣಿಗೆ ಅಂದರೆ ಬೆವರು, ಹೊಳೆಯುವುದು ಗಿಳೆಯುವುದು ಎಲ್ಲ ಸೋಮಾರಿಗಳ ನೆಪ ಎಂದು ಮಕ್ಕಳಿಗೆ ಹೇಳಿಕೊಟ್ಟವರು, ತಾವೂ ಹಾಗೇ ನಡೆದವರು. ನಿಘಂಟು ತೆರೆದು, ಪ್ರಾಸ ಕೂಡಿಸಿ, ಹೊಡೆದುಹಾಕಿ, ಮತ್ತೆ ಬರೆದು ಒಂದೊಂದು ಪುಟಕ್ಕೂ ಜೀವ ತೇಯುತ್ತಿದ್ದರು. ಕೇಳಿದವರೆಲ್ಲ ತಲೆದೂಗುತ್ತಿದ್ದರು.

ತಲೆದೂಗದವನು ಒಬ್ಬನೇ. ಬಂದರಿನಲ್ಲಿ ಹರಿದ ಬಲೆ ರಿಪೇರಿ ಮಾಡುವ ಶುಕ್ರಿ, ಮೇಷ್ಟರ ಬಾಲ್ಯದ ಗೆಳೆಯ. ಔಷಧದಂಗಡಿ ಮುದುಕನ ನಲವತ್ತರ ದಿನ, ಮೇಷ್ಟರ ಭಾಷಣ ಮುಗಿದ ಮೇಲೆ ಕಹಿ ಕಾಫಿ ಕುಡಿಯುತ್ತ ಎಲ್ಲರೆದುರೇ ಅಂದುಬಿಟ್ಟಿದ್ದ: “ಮುನೀಫಾ, ಮಣ್ಣು ಮಾಡೋ ಕೆಲ್ಸ ಒಂದ್ಸಲ ಆಗಿತ್ತಲ್ಲೋ. ನೀನ್ಯಾಕೆ ಇನ್ನೊಂದ್ಸಲ ಮಾಡ್ದೆ?” ಜನ ನಕ್ಕರು. ಮೇಷ್ಟರು ಅಂದಿನಿಂದ ಅವನ ಜೊತೆ ಮಾತು ಬಿಟ್ಟರು. ರಾಜಿಯಾಗುವ ಮೊದಲೇ ಶುಕ್ರಿ ಬಲೆಯ ಮೇಲೇ ಕುಸಿದು ಸತ್ತುಹೋದ.

ಅವನ ಹೆಂಡತಿ ವಿದಾದ್ ಸೂತಕದ ಕಪ್ಪು ಬಟ್ಟೆಯಲ್ಲೇ ಮೇಷ್ಟರ ಬಾಗಿಲಿಗೆ ಬಂದಳು. ಜಗಳ ಅವಳಿಗೂ ಗೊತ್ತು. ಆದರೂ ನಲವತ್ತಕ್ಕೆ ನೀವೇ ಮಾತಾಡಬೇಕು ಅಂದಳು. “ಕೇಳಿದೋರಿಗೆ ಹೌದು, ಇವನೇ ಶುಕ್ರಿ ಅನ್ನಿಸ್ಬೇಕು ಮೇಷ್ಟ್ರೇ. ಅಷ್ಟೇ.” ಮೇಷ್ಟರು ಒಪ್ಪಿದರು. ಇದೊಂದು ಭಾಷಣ ಕೆಟ್ಟರೆ ಶುಕ್ರಿ ಅಂದಿದ್ದೇ ನಿಜವೆಂದಾಗುತ್ತಿತ್ತು.

ಬರೆದರು. ಉದಾರಿ, ಮೃದುಭಾಷಿ, ಸದಾ ತೆರೆದ ಬಾಗಿಲು ಎಂದೆಲ್ಲ ಬರೆದು, ಎಂದಿನಂತೆ ಹೆಂಡತಿ ಸುಹೈಲಾಗೆ ಓದಿ ಹೇಳಿದರು. ಆಕೆ ಅಡುಗೆಗೆಂದು ದ್ರಾಕ್ಷಿ ಎಲೆಯಲ್ಲಿ ಅಕ್ಕಿ ಸುತ್ತುತ್ತಿದ್ದವಳು ತಲೆ ಎತ್ತಲಿಲ್ಲ. “ಇದು ಔಷಧದಂಗಡಿ ಮುದುಕಂದು. ಸತ್ತೋರಿಗೆಲ್ಲ ಒಂದೇ ಅಂಗಿ ಹೊಲೀತೀರಲ್ಲ, ಶುಕ್ರಿ ಮೈಗೆ ಅದು ಹಿಡಿಯುತ್ತಾ?”

ಮೇಷ್ಟರಿಗೆ ಮೈಯೆಲ್ಲ ಉರಿದುಹೋಯಿತು. ಹರಿದು ಬಿಸಾಡಿ ಮತ್ತೆ ಬರೆದರು. ಮತ್ತೆ ಹಾಳೆಯ ಮೇಲೆ ಅದೇ ಮುದುಕ ಬಂದು ಕೂತ. ಕೊನೆಗೆ ನಾಚಿಕೆ ಬಿಟ್ಟು, ಏನಾದರೂ ಹೊಳೆಯಲಿ ಎಂದು ಬಂದರಿನ ಕಟ್ಟೆಯ ಮೇಲೆ ಕೂತೂ ನೋಡಿದರು. ಸೊಂಟ ಹಿಡಿಯಿತೇ ಹೊರತು ಮತ್ತೇನೂ ಆಗಲಿಲ್ಲ. ಶುಕ್ರಿಯ ಬಾಯಿ ಎಂಥದ್ದೆಂದು ಊರಿಗೇ ಗೊತ್ತು. ಆದರೆ ನಲವತ್ತರ ಸಭೆಯಲ್ಲಿ ಸತ್ತವರ ಕೊಂಕು ಎತ್ತುವ ಪದ್ಧತಿಯಿಲ್ಲ. ಅಲ್ಲದೆ ಪೆನ್ನು ಆ ಕಡೆ ಹೊರಳಿದಾಗಲೆಲ್ಲ ಅವನಾಡಿದ ಆ ಒಂದು ಮಾತು ಬಂದು ಚುಚ್ಚುತ್ತಿತ್ತು. ತಕ್ಷಣ ಸಾಲನ್ನೇ ಹೊಡೆದುಹಾಕುತ್ತಿದ್ದರು.

ದಿನ ಬಂದೇಬಿಟ್ಟಿತು. ಮೇಷ್ಟರು ಅದೇ ಉದಾರಿ, ಮೃದುಭಾಷಿಯ ಭಾಷಣವನ್ನೇ ಎಲ್ಲೂ ತಡವರಿಸದೆ ಓದಿದರು. ಹಿರಿಯರು ನಿಮ್ಮ ಬಾಯಿಗೆ ಒಳ್ಳೆಯದಾಗಲಿ ಅಂದರು. ಹೆಂಗಸರ ಸಾಲಿನಲ್ಲಿ ವಿದಾದ್ ಮಾತ್ರ, ಯಾರದೋ ಮದುವೆಗೆ ಬಂದವಳಂತೆ ಸುಮ್ಮನೆ ಕೂತಿದ್ದಳು. ಅದು ಮೇಷ್ಟರ ಕಣ್ಣಿಗೆ ಬಿತ್ತು.

ಹೊರಗೆ ಬಂದರೆ ಮೀನುಗಾರರು ಗೋಡೆಗೆ ಒರಗಿಕೊಂಡು ಶುಕ್ರಿಯ ಬೈಗುಳ ಅಣಕಿಸುತ್ತಿದ್ದರು. “ಈ ಗಂಟು ಯಾರೋ ಹಾಕಿದ್ದು? ನಿಮ್ಮನೆ ಕತ್ತೇನಾ?” ಎಂದೊಬ್ಬ ಅವನ ದನಿಯಲ್ಲೇ ಅಂದ. ನಗುತ್ತ ನಗುತ್ತ ಎಲ್ಲರ ಕಣ್ಣೂ ಒದ್ದೆಯಾದವು. ಇನ್ಮೇಲೆ ನಮ್ಮನ್ನ ಬೈಯೋರು ಯಾರು ಅಂದ ಇನ್ನೊಬ್ಬ.

ಮೇಷ್ಟರು ನಿಂತಲ್ಲೇ ನಿಂತರು. ಶುಕ್ರಿ ಕೆಟ್ಟ ಗಂಟು ಕಂಡರೆ ಸುಮ್ಮನಿರುತ್ತಿರಲಿಲ್ಲ. ಬೈದು, ಬಿಚ್ಚಿ, ಸರಿಯಾಗಿ ಕಟ್ಟಿಕೊಡುತ್ತಿದ್ದ. ತನ್ನವರಲ್ಲದವರನ್ನು ಬೈದವನೇ ಅಲ್ಲ. ತಮಗೆ ಬಿದ್ದದ್ದೂ ಅದೇ ಬೈಗುಳ. ಇಷ್ಟು ದಿನ ಯಾವುದನ್ನು ಹೊಡೆದುಹಾಕಿದರೋ ಅದೇ ಶುಕ್ರಿಯಾಗಿತ್ತು.

ಮನೆಗೆ ಹೋಗಿ ಒಂದೇ ಉಸಿರಿಗೆ ಬರೆದರು, ನಿಘಂಟು ಮುಟ್ಟಲಿಲ್ಲ. ಅಷ್ಟು ದಿನ ತಿದ್ದಿದ್ದು ದಂಡವಾಗಿರಲಿಲ್ಲ, ಸುಳ್ಳು ಮಾತು ಯಾವುದೆಂದು ಕೈಗೇ ಗೊತ್ತಾಗಿತ್ತು. ಆದರೆ ಹೊಳೆಯುವುದು ಸಭೆ ಮುಗಿದ ಮೇಲೇ ಹೊಳೆಯಬೇಕೇ! ಸಿಟ್ಟಿನಲ್ಲಿ ಪೆನ್ನು ಕುಕ್ಕಿದರು.

ಬೆಳಿಗ್ಗೆ ವಿದಾದ್ ಮನೆಯಲ್ಲಿ ಓದಿದರು. ಬೈಗುಳ ಬಂದಲ್ಲಿ ಆಕೆ ನಕ್ಕಳು. ಎಲ್ಲರೆದುರು ಶುಕ್ರಿ ತಮಗೆ ಅಂದ ಮಾತನ್ನೂ ಮೇಷ್ಟರು ಬಿಡದೆ ಬರೆದಿದ್ದರು. ಅಲ್ಲಿ ಬಿಕ್ಕಿ ಅತ್ತಳು. ಓದು ಮುಗಿದಾಗ ತಲೆವಸ್ತ್ರದ ಅಂಚಿನಿಂದ ಮುಖ ಒರೆಸಿಕೊಂಡು ಅವರನ್ನೇ ನೋಡಿದಳು.

“ಇವನು ನನ್ ಗಂಡ, ಮೇಷ್ಟ್ರೇ. ನಿನ್ನೆ ಊರೆಲ್ಲ ಬಂದು ಕೂತಿತ್ತಲ್ಲ, ಆಗ ಎಲ್ಲಿ ಬಚ್ಚಿಟ್ಟಿದ್ರಿ ಇವನನ್ನ?”