ಕುಸುಬಿ ಎಣ್ಣೆ ಹಚ್ಚಿದ ಬಂದೂಕು

ದೊಡ್ಡಬಸಪ್ಪ ಬಂದೂಕನ್ನು ಮೊದಲು ಮೂಸಿ ನೋಡಿದರು. ಯಲಬುರ್ಗಾ ಕಡೆಯ ಮಂಗಳೂರೆಂಬ ಹಳ್ಳಿ, ದುರುಗಪ್ಪನ ಮನೆಯ ಪಡಸಾಲೆ, ಬೆಳಗಿನ ಚಹಾದ ಹೊತ್ತು. ಮೂರು ದಿನದಿಂದ ಜಿಟಿಜಿಟಿ ಮಳೆ.

"ಕುಸುಬಿ ಎಣ್ಣಿ," ಎಂದರು. "ಇನ್ನೂ ಬಿಟ್ಟಿಲ್ಲೇನೋ ದುರುಗಪ್ಪ?"

ಮಂಚದ ಮೇಲೆ ಕೂತಿದ್ದ ದುರುಗಪ್ಪ ಗೋಡೆ ನೋಡಿದ. ಲಕ್ವ ಹೊಡೆದು ಒಂದೂವರೆ ವರ್ಷವಾಗಿತ್ತು. ಬಲಗೈ ಆಡುತ್ತಿರಲಿಲ್ಲ.

ದೊಡ್ಡಬಸಪ್ಪ ಪೊಲೀಸ್ ಠಾಣೆಯಲ್ಲಿ ಹತ್ತೊಂಬತ್ತು ವರ್ಷ ಬಂದೂಕಿನ ಕೋಣೆ ಕಾದವರು. ನಿವೃತ್ತರಾಗಿ ಆರು ವರ್ಷ. ಚುನಾವಣೆ ಬಂತೆಂದರೆ ಸುತ್ತಲಿನ ರೈತರು ಹಂದಿ ಬೆದರಿಸುವ ಬಂದೂಕುಗಳನ್ನು ಠಾಣೆಗೆ ತಂದು ಒಪ್ಪಿಸುತ್ತಿದ್ದರು. ಚೀಟಿ ಓದದೆಯೇ ಯಾವುದು ಯಾರದೆಂದು ಅವರಿಗೆ ಗೊತ್ತಾಗುತ್ತಿತ್ತು. ಚರ್ಮದ ಚೀಲದಲ್ಲಿಟ್ಟು ಬೂಸಲು ಹಿಡಿಸಿದ್ದು ಗೌಡರದು, ಕುಸುಬಿ ವಾಸನೆಯದು ದುರುಗಪ್ಪನದು. ಎಲ್ಲವನ್ನೂ ಒರೆಸಿ, ಹೊಲಿಗೆ ಮಿಷನ್ನಿನ ಎಣ್ಣೆ ತೆಳ್ಳಗೆ ಸವರಿ, ಗಾಳಿಯಾಡುವಂತೆ ಬರಿಮೈಯಲ್ಲಿ ನಿಲ್ಲಿಸುತ್ತಿದ್ದರು. ಈಗಲೂ ಟೇಲರ್ ಅಂಗಡಿ ಮುಂದೆ ಹಾಯುವಾಗ ಆ ವಾಸನೆಗೆ ಅವರ ನಡಿಗೆ ನಿಧಾನವಾಗುತ್ತದೆ.

ದುರುಗಪ್ಪನಿಗೆ ಎಪ್ಪತ್ತು ದಾಟಿದೆ. ಹೊಲ ನೋಡಿಕೊಳ್ಳುವವಳು ಮಗಳು ರೂಪಾ. ಲೈಸೆನ್ಸ್ ಅವಳ ಹೆಸರಿಗಾಗಬೇಕು. ನಾಳೆ ಬಂದೂಕನ್ನು ಠಾಣೆಯಲ್ಲಿ ತೋರಿಸಬೇಕು. ತುಕ್ಕು ತಿಂದಿದ್ದರೆ ವಾಪಸು ಬರುವುದಿಲ್ಲ. ಈಗ ನೋಡಿದರೆ ತೋಟಾ ಹಾಕಲು ಮಡಚುವ ನಡುಭಾಗ ತೆರೆಯುತ್ತಲೇ ಇಲ್ಲ; ಅದಕ್ಕೇ ದೊಡ್ಡಬಸಪ್ಪನವರನ್ನು ಕರೆಸಿದ್ದಾಳೆ.

"ಅಮಾಸಿ ಅಮಾಸಿಗೆ ತಪ್ಪದ ಹಚ್ಚೀನ್ರಿ ಸಾಹೇಬ್ರ," ಎಂದಳು ದುರುಗಪ್ಪನ ಹೆಂಡತಿ ಯಂಕವ್ವ. "ನಲವತ್ತು ವರ್ಷ."

"ಅದಕ್ಕ ಅಂಟು ಹಿಡದೈತಿ ಅಕ್ಕಾ. ಕುಸುಬಿ ಎಣ್ಣಿ ಒಣಗಿ ಗೋಂದ ಆಗತೈತಿ, ಕೆಳಗ ತೇವ ಕುಂದರತೈತಿ. ಪ್ರತಿ ಇಲೆಕ್ಷನ್ನಿಗೂ ಇವಗ ಹೇಳೀನಿ."

"ನನಗ ಹೇಳೇ ಇಲ್ಲಲ್ರಿ."

ಒಳಗೆ ತೋಟಾ ಇಲ್ಲ ತಾನೇ ಎಂದು ಎರಡು ಸಲ ಕೇಳಿ, ನಳಿಗೆಯ ಬಾಯಿಯನ್ನು ಮಣ್ಣಿನ ಗೋಡೆಗೆ ತಿರುಗಿಸಿ, ದೊಡ್ಡಬಸಪ್ಪ ಸಂದಿಗೆ ಸೀಮೆಎಣ್ಣೆ ಬಿಟ್ಟರು. ರೂಪಾ ಹಳೆ ಧೋತರದ ತುಂಡಿನಿಂದ ತಿಕ್ಕಿದಳು. ಕಂದು ಪೊರೆ ಸುಲಿದು ಬಂತು. ಮೂರನೇ ಸಲಕ್ಕೆ ಬಂದೂಕು ಕಟ್ಟೆಂದು ಬಾಯಿಬಿಟ್ಟಿತು. ನಳಿಗೆಯನ್ನು ಬಾಗಿಲ ಬೆಳಕಿಗೆ ಹಿಡಿದರೆ ಒಳಗೆ ಥಳಥಳ. ತುದಿಯಲ್ಲಿ ಎಳ್ಳಿನಷ್ಟು ತುಕ್ಕು, ತಿಕ್ಕಿದರೆ ಹೋಗುವಂಥದು.

ದೊಡ್ಡಬಸಪ್ಪ ಹುಬ್ಬೇರಿಸಿದರು. "ಇದು ಒಂದೂವರಿ ವರ್ಷದ ಅಂಟು. ಅದಕ್ಕಿಂತ ಹಿಂದಿಂದು ಎಲ್ಲಿ ಹೋತು?"

ದುರುಗಪ್ಪನ ಮಾತು ಇನ್ನೂ ತೊದಲು. "ಅಮಾಸಿ ಮರುದಿನ ಹೊಲಕ್ಕ ಒಯ್ದು ಕಬ್ಬಿಣ ಅಷ್ಟ ವರಸತಿದ್ನಿ. ನೀವು ಕೊಟ್ಟ ಮಿಷನ್ ಎಣ್ಣಿ ಹಚ್ಚತಿದ್ನಿ."

"ಅಂದ್ರ ನನ್ನ ಎಣ್ಣಿ ಎಲ್ಲಾ ಮಣ್ಣಪಾಲು," ಎಂದಳು ಯಂಕವ್ವ. "ಒಂದ ಮಾತು ಹೇಳಿದ್ರ ಗಂಟ ಹೋಗತಿತ್ತೇನು?"

"ಹಚ್ಚೂವಾಗ ನೀ ಒಂದ ತಾಸು ಸುಮ್ನಿರತಿದ್ದೆಲ್ಲ, ಅದಕ್ಕ," ಎಂದ ದುರುಗಪ್ಪ.

ರೂಪಾ ಬಾಯಿಗೆ ಸೆರಗು ಹಿಡಿದಳು. ಯಂಕವ್ವ ನಗಲಿಲ್ಲ. ಎಣ್ಣೆಯ ಗಿಂಡಿ ಎತ್ತಿಕೊಂಡು ಒಳಗೆ ನಡೆದಳು.

"ಅಕ್ಕಾ, ಅದನ್ನ ಇಲ್ಲೇ ಇಡ್ರಿ," ಎಂದರು ದೊಡ್ಡಬಸಪ್ಪ. ಬಂದೂಕಿನ ಹಿಂಬದಿಯ ಕಟ್ಟಿಗೆಯನ್ನು ತಿರುಗಿಸಿ ತೋರಿಸಿದರು. ನಲವತ್ತು ವರ್ಷದ ತೇಗ, ಒಂದು ಬಿರುಕಿಲ್ಲ, ಮುಖ ಕಾಣುವಷ್ಟು ಹೊಳಪು. "ಇಂಥಾ ಕಟಗಿ ನಮ್ಮ ಠಾಣೆದಾಗೂ ಇರಲಿಲ್ಲ. ಕಬ್ಬಿಣಕ್ಕ ಮಿಷನ್ ಎಣ್ಣಿ, ಕಟಗಿಗೆ ನಿಮ್ಮದ."

ಯಂಕವ್ವ ತಿರುಗಿ ಬಂದು ಕೂತು, ಬೆರಳಿಗೆ ಎಣ್ಣೆ ಅದ್ದಿಕೊಂಡಳು. ಕಬ್ಬಿಣ ಸೇರುವಲ್ಲಿಗೆ ಬೆರಳು ಬಂದಾಗ ನಿಲ್ಲಿಸಿದಳು.

ನಾಳೆ ಹನ್ನೊಂದಕ್ಕೆ ಠಾಣೆ. ಲೈಸೆನ್ಸ್ ಇನ್ನೂ ದುರುಗಪ್ಪನ ಹೆಸರಿನಲ್ಲೇ ಇರುವುದರಿಂದ ರೂಪಾ ಅವನನ್ನೂ ಆಟೋದಲ್ಲಿ ಕೂಡಿಸಿಕೊಂಡು ಯಲಬುರ್ಗಾಕ್ಕೆ ಹೋಗುತ್ತಾಳೆ.