ಅಮ್ಮನನ್ನೂ ಆಟೋ ಹತ್ತಿಸಿದ್ದು

ಬೆಳಗ್ಗೆ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ ಚಟಪಟ ಅಂದದ್ದೇ ತಡ, ನನ್ನ ಕೈ ತಾನಾಗಿ ಒಲೆ ಆರಿಸಿಬಿಟ್ಟಿತು. “ಯಾಕೇ, ಗ್ಯಾಸ್ ಖಾಲಿಯಾಯ್ತಾ?” ಅಂದರು ನಮ್ಮ ಯಜಮಾನರು. ಇಲ್ಲ ಅಂದು ಮತ್ತೆ ಹಚ್ಚಿದೆ. ಹೋದ ವರ್ಷದಿಂದ ನನ್ನದು ಇದೇ ಪಾಡು.

ನಿಮಗೂ ಗೊತ್ತಿರಬಹುದು, ಮನೆಗೆ ಅಮ್ಮ ಬಂದಾಗ ಒಗ್ಗರಣೆ ಹಾಕಬಾರದು. ಮೈತುಂಬ ನೀರುಗುಳ್ಳೆ ಏಳುವ ಆ ಜ್ವರವನ್ನು ನಮ್ಮ ಕಡೆ ಕಾಯಿಲೆ ಅನ್ನುವುದಿಲ್ಲ. ಅಮ್ಮ ಬಂದಿದ್ದಾಳೆ ಅನ್ನುತ್ತೇವೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರೆ ಹೊರಗಿನವರು ಒಳಗೆ ಕಾಲಿಡುವುದಿಲ್ಲ. ಮಜ್ಜಿಗೆ, ಎಳನೀರು, ಸಪ್ಪೆ ಊಟ. ಬಂದಾಕೆಯನ್ನು ತಂಪಾಗಿಟ್ಟು, ತಾನಾಗಿ ಹೊರಡುವವರೆಗೆ ಕಾಯುವುದು. ಮದ್ದು ಕೊಡುವುದಿಲ್ಲ. ಬಂದ ದೇವರನ್ನು ಮಾತ್ರೆ ಕೊಟ್ಟು ಓಡಿಸುತ್ತಾರೆಯೇ?

ಇಂಥ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಚೈತ್ರ ತುಮಕೂರಿನ ಕಾಲೇಜಿನಲ್ಲಿ ಪಬ್ಲಿಕ್ ಹೆಲ್ತ್ ಓದಲು ಸೇರಿದಳು. ಹೆಲ್ತ್ ಅನ್ನುವ ಮಾತೊಂದು ಕಿವಿಗೆ ಬಿದ್ದಿದ್ದೇ ಸಾಕಾಯಿತು, ಮಗಳು ಡಾಕ್ಟರಾಗುತ್ತಾಳೆ ಎಂದು ಬೀದಿಗೆಲ್ಲ ಪೇಡಾ ಹಂಚಿ ಬಂದೆ. ಅವಳು ತಲೆ ಚಚ್ಚಿಕೊಂಡಳು.

“ಡಾಕ್ಟ್ರು ಒಬ್ಬೊಬ್ರನ್ನ ನೋಡ್ತಾರಮ್ಮ. ನಾವು ಇಡೀ ಊರನ್ನ ನೋಡ್ತೀವಿ. ಯಾರಿಗೆ ಏನ್ ಬಂದಿದೆ, ಪಕ್ಕದ್ಮನೆಗೆ ಹೋಗ್ದಂಗೆ ಏನ್ ಮಾಡ್ಬೇಕು ಅಂತ.”

“ಅಂದ್ರೆ ಕಾಯ್ಲೆ ಇರೋ ಮನೆಗೇ ಹೋಗ್ತೀಯಾ?”

“ಇನ್ನೆಲ್ಲಿಗೆ ಹೋಗ್ಲಿ, ಬೀಗರೂಟಕ್ಕಾ?”

ಮೂಲೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ನಮ್ಮತ್ತೆ ತಲೆ ಎತ್ತಲಿಲ್ಲ. “ಬೀದೀಲಿ ಹೋಗೋ ಮಾರೀನ ಮನೆಗೆ ಕರ್ದಂಗಾಯ್ತು ಬುಡು” ಅಂದರು. ಗಾದೆ ಹಳೆಯದೇ. ಆದರೆ ಅವತ್ತು ನನ್ನ ಬೆನ್ನಮೇಲೆ ತಣ್ಣೀರು ಸುರಿದಂತಾಯಿತು.

ಆವತ್ತಿನಿಂದ ಶುರುವಾದ ಭಯ ನೋಡಿ. ಹಳ್ಳಿ ಮನೆಗಳನ್ನು ನೋಡಲು ಅವಳು ಗುಬ್ಬಿ ಬಸ್ಸು ಹತ್ತುವಾಗ ಹಣೆಗೆ ವಿಭೂತಿ ಇಟ್ಟು ಕಳಿಸುತ್ತಿದ್ದೆ. ಸಂಜೆ ಬಂದಾಗ ಅವಳ ಮುಖಕ್ಕಿಂತ ಮೊದಲು ಕತ್ತು ಮುಟ್ಟಿ ನೋಡುತ್ತಿದ್ದೆ, ಬೆಚ್ಚಗಿದೆಯಾ ಎಂದು. ತಣ್ಣಗಿದ್ದರೆ ಅದೇ ಅವತ್ತಿನ ಶಿವನ ಕೃಪೆ. ಆಮೇಲೆ ಫೀಲ್ಡ್ ಕೆಲಸಕ್ಕೆಂದು ಗೆಳತಿ ರೇಖಾಳ ಜೊತೆ ನಿಟ್ಟೂರಿನಲ್ಲೇ ರೂಮು ಮಾಡಿದಳು. ಮುಟ್ಟಿ ನೋಡಲು ಕತ್ತೂ ಇಲ್ಲವಾಯಿತು. ಒಂದು ದಿನ ಫೋನಿನಲ್ಲಿ ಖುಷಿಯಾಗಿ ಹೇಳಿದಳು: “ಬಾಗ್ಲಿಗೆ ಬೇವು ಕಟ್ಟಿದ್ರೆ ನಮ್ಗೆ ಸಲೀಸು ಕಣಮ್ಮ. ಬೋರ್ಡ್ ಹಾಕ್ದಂಗೆ. ಸೀದಾ ಆ ಮನೆಗೇ ಹೋಗೋದು.”

ನಮ್ಮ ಅಜ್ಜಿ, ಮುತ್ತಜ್ಜಿಯರನ್ನೆಲ್ಲ ಹೊಸಿಲಾಚೆ ನಿಲ್ಲಿಸಿದ ಸೊಪ್ಪು ನನ್ನ ಮಗಳನ್ನು ಮಾತ್ರ ಬಾ ಬಾ ಎಂದು ಕರೆಯುತ್ತಿತ್ತು.

ಸ್ವಲ್ಪ ದಿನಕ್ಕೆ ರೇಖಾಳಿಂದಲೇ ಫೋನು. “ಆಂಟಿ, ಚೈತ್ರ ಇವತ್ತು ಫೀಲ್ಡಿಗೆ ಬರ್ಲಿಲ್ಲ. ಅಮ್ಮ ಬಂದವ್ರೆ.”

“ಯಾರಮ್ಮ? ನಾನಿಲ್ಲೇ ಇದೀನಲ್ಲ!”

ಅವಳು ಮೆಲ್ಲಗೆ ಅಂದಳು, “ನೀವಲ್ಲ ಆಂಟಿ... ಆ ಅಮ್ಮ.”

ಯಜಮಾನರು ಕಾರು ಮಾಡಿಕೊಂಡು ಹೋಗಿ ಕರೆತಂದರು. ಚಿಕ್ಕಂದಿನಲ್ಲೇ ಅವರಿಗೂ ನನಗೂ ಅತ್ತೆಗೂ ಅಮ್ಮ ಬಂದು ಹೋಗಿದ್ದಳು, ಮತ್ತೆ ಬರುವ ಭಯವಿರಲಿಲ್ಲ, ಅದೂ ಒಂದು ಕೃಪೆ. ಬೇರೆ ಕೋಣೆ, ಬೇರೆ ತಟ್ಟೆ, ಯಾರೂ ಬರಬಾರದು ಎಂದು ಚೈತ್ರ ಒಳಗಿನಿಂದಲೇ ಹೇಳಿದಾಗ ಅತ್ತೆಗೆ ನಗು. “ಇದ್ನ ಕಲಿಯಕ್ಕೆ ಕಾಲೇಜಿಗೆ ಹೋಗ್ಬೇಕಿತ್ತೇನೇ?” ಡಾಕ್ಟರ ಮಾತು ಬಂದಾಗ ಮಾತ್ರ ನಾನು ಕೇಳಿಸದವಳಂತೆ ಮಜ್ಜಿಗೆ ಕಡೆಯುತ್ತಾ ಇದ್ದೆ.

ಒಂದು ಮಧ್ಯಾಹ್ನ ಎಳನೀರು ತೆಗೆದುಕೊಂಡು ಹೋದೆ. ಅವಳು ಗೋಡೆಗೊರಗಿ ಕೂತಿದ್ದಳು. “ಅಮ್ಮ... ಮಲಗಕ್ಕೆ... ಆಗ್ತಿಲ್ಲ” ಅಂದಳು. ಮೂರು ಮಾತಿಗೆ ಮೂರು ಸಲ ಉಸಿರೆಳೆದಳು. ಅವಳ ಭುಜಗಳು ಏರಿ ಇಳಿಯುತ್ತಿದ್ದವು. “ಆಸ್ಪತ್ರೆ” ಅಂದಳು.

ಮೈಮೇಲಿದ್ದಾಗ ಅಮ್ಮನನ್ನು ಹೊಸಿಲು ದಾಟಿಸಿದರೆ ಮುನಿದು ಮಗುವನ್ನೇ ಕರೆದುಕೊಂಡು ಹೋಗುತ್ತಾಳೆ ಎಂದು ಕೇಳಿ ಬೆಳೆದವಳು ನಾನು. ದಾಟಿಸದಿದ್ದರೆ ಈ ಉಸಿರು? ದೇವರ ಕೋಣೆಗೆ ಓಡಿದೆ. ಜನ್ಮವಿಡೀ ಹೇಳಿಕೊಂಡು ಬಂದ ಮಂತ್ರ ‘ಓಂ ನಮಃ’ ಎಂಬಲ್ಲೇ ನಿಂತಿತು, ಮುಂದಕ್ಕೆ ಶಿವನ ಹೆಸರೇ ಬಾಯಿಗೆ ಬರಲಿಲ್ಲ.

ಅಷ್ಟರಲ್ಲಿ ಅತ್ತೆ ಒಳಗೆ ಹೋಗಿ ಮೊಮ್ಮಗಳ ಎದೆಯ ಮೇಲೆ ಕೈಯಿಟ್ಟು ನೋಡಿ ಬಂದಿದ್ದರು.

“ಏನ್ಲೇ ಹಂಗೆ ನಿಂತಿದೀಯ? ಆಟೋ ಕರಿ.”

“ಅತ್ತೆ, ಅಮ್ಮನ್ನ ಬಿಟ್ಟು ಹೆಂಗೆ...”

“ಬುಟ್ಟು ಹೋಗು ಅಂದೋರ್ ಯಾರು? ಆಕೇನೂ ಹತ್ತಿಸ್ಕೊ. ನಿಟ್ಟೂರಿಂದ ಇಲ್ಲಿಗಂಟ ಬಂದೋಳು ಆಸ್ಪತ್ರೆಗೆ ಬರಕಿಲ್ವಾ?”

ಬಾಗಿಲಿನ ಬೇವಿನಿಂದ ಒಂದು ಕಡ್ಡಿ ಮುರಿದು ನನ್ನ ಸೆರಗಿಗೆ ಸಿಕ್ಕಿಸಿದರು. ಆಟೋದವನು ಅದನ್ನು ಕಂಡು ಹಿಂಜರಿದ. ಆಮೇಲೆ ಟವೆಲ್ಲನ್ನು ಮೂಗಿಗೆ ಕಟ್ಟಿಕೊಂಡು, “ಹತ್ತಕ್ಕಾ” ಅಂದ. ಅವನ ಮನೆ ತಣ್ಣಗಿರಲಿ. ರಸ್ತೆಯ ಒಂದೊಂದು ಉಬ್ಬಿಗೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ‘ತಾಯಿ, ನಿನ್ನನ್ನು ಕಳಿಸುತ್ತಿಲ್ಲ, ಜೊತೆಗೇ ಕರೆದೊಯ್ಯುತ್ತಿದ್ದೇನೆ’ ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದೆ.

ಶ್ವಾಸಕೋಶಕ್ಕೆ ಇಳಿದಿದೆ, ಇನ್ನೂ ತಡ ಮಾಡಿದ್ದರೆ ಕಷ್ಟವಿತ್ತು ಅಂದರು ಡಾಕ್ಟರು. ಆಕ್ಸಿಜನ್ ಹಾಕಿದರು. ಆ ದಿನಗಳನ್ನು ನಾನು ವಿವರಿಸಲಾರೆ. ಜ್ವರದಲ್ಲಿ ಅವಳು “ಅಮ್ಮ” ಎಂದು ಕನವರಿಸುತ್ತಿದ್ದಳು. ಯಾವ ಅಮ್ಮನನ್ನು ಕರೆಯುತ್ತಿದ್ದಾಳೋ ತಿಳಿಯದೆ, ಇಬ್ಬರ ಪರವಾಗಿಯೂ ನಾನೇ “ಊಂ” ಅನ್ನುತ್ತಿದ್ದೆ.

ಅವಳು ಬದುಕಿ ಬಂದಳು. ಸುಮ್ಮನೆ ಮನೆಯಲ್ಲಿ ಕೂರುತ್ತಾಳೆಂದುಕೊಂಡರೆ ಮತ್ತೆ ಕಾಲೇಜಿಗೆ ಹೋದಳು. ಈ ತಿಂಗಳು ಫೀಲ್ಡು ಕುಣಿಗಲ್ ಕಡೆ, ಅಮೃತೂರಿನ ಹತ್ತಿರ. ಇವತ್ತು ಮಧ್ಯಾಹ್ನ ಫೋನು ಬಂದಾಗ ಅವಳ ದನಿ ಸಣ್ಣದಾಗಿತ್ತು. ಬೇವು ಕಟ್ಟಿದ ಮನೆ, ಒಂದು ಮಗು, ಆಸ್ಪತ್ರೆಗೆ ಕಳಿಸಲೊಪ್ಪದ ಅಜ್ಜಿ.

“ಉಸ್ರು ಹೆಂಗಿದೆ?” ಅಂದೆ.

“ಜೋರಾಗಿದೆ ಅಮ್ಮ.”

“ಮಗು ಹೆಸರೇನೇ?”

“ಅದೆಲ್ಲ ಹೇಳೋ ಹಂಗಿಲ್ಲ.”

“ಹೋಗ್ಲಿ, ಫೋನ್ ಆ ಅಜ್ಜಿ ಕೈಗೆ ಕೊಡು.”

ನಾನು ಯಾರು ಅವರಿಗೆ ಹೇಳಲು? ಹೆಚ್ಚುಕಮ್ಮಿಯಾದರೆ ಆ ಪಾಪ ಯಾರ ತಲೆಗೆ? ಆದರೂ ನನ್ನ ಮಗಳ ಸಂಗತಿಯನ್ನೆಲ್ಲ ಹೇಳಿದೆ. “ಆಯಮ್ಮನ್ನ ಬಿಟ್ಟು ಬರ್ಬೇಡಿ ಅವ್ವ, ಜೊತೇಲೇ ಕರ್ಕೊಂಡೋಗಿ” ಅಂದೆ. ಆ ಕಡೆಯಿಂದ ಮಗುವಿನ ಉಸಿರು ನನಗೇ ಕೇಳಿಸುತ್ತಿತ್ತು.

“ತಡಿ ತಾಯಿ,” ಅಂದರು ಅಜ್ಜಿ, “ಬ್ಯಾರೆ ಸೀರೆ ಉಟ್ಕೊಂಡು ಬತ್ತೀನಿ.”

ಮತ್ತೆ ಫೋನು ಬಂದಿಲ್ಲ. ಹೆಸರು ಗೊತ್ತಿಲ್ಲದ ಆ ಮಗುವಿಗೆಂದು ದೀಪಕ್ಕೆ ಎಣ್ಣೆ ಹಾಕಿ, ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೇನೆ.