ನಲವತ್ತೇಳನೆಯ ಮುಖದ ಮೂಗು

ಗಾರೆಯಣ್ಣ ಮೂಗಿಗೆ ವ್ಯಾಸಲೀನ್ ಹಚ್ಚಿಕೊಂಡ, ಮೀಸೆಗೆ ಮರೆತ. ಮೇಲೆ ಮೆತ್ತಿಕೊಂಡಿದ್ದ ಪ್ಲಾಸ್ಟರ್ ಒಣಗಿದ ಮೇಲೆ ಕಿತ್ತಾಗ ಎಡಗಡೆಯ ಮೀಸೆಯೂ ಅದರ ಜೊತೆಗೇ ಬಂತು. ಹಾಗಾಗಿ ಮ್ಯೂಸಿಯಂನ ಈ ರಿಪೇರಿಗಾರ ಅಂದು ಡೈರೆಕ್ಟರ ಮುಂದೆ ಅರ್ಧ ಮೀಸೆಯಲ್ಲಿ ಕೈಕಟ್ಟಿ ನಿಂತಿದ್ದ.

ಮೇಜಿನ ಮೇಲೆ ನಲವತ್ತೇಳನೆಯ ನಂಬರಿನ ಮುಖ. ನೂರು ವರ್ಷದ ಹಿಂದೆ, ಜನಗಳ ತಲೆ ಅಳೆಯುತ್ತ ಬಂದ ವಿದ್ವಾಂಸನೊಬ್ಬ ಬದುಕಿದ್ದವರ ಮುಖಕ್ಕೇ ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆದಿದ್ದ. ಅಂಥವು ಕಪಾಟಿನಲ್ಲಿ ಅರವತ್ತಿದ್ದವು.

ಎದುರಿಗೆ, ಅದು ತಮ್ಮಜ್ಜನ ಮುಖವೆಂದು ಅರ್ಜಿ ಕೊಟ್ಟಿದ್ದ ನಿವೃತ್ತ ನರ್ಸಮ್ಮ, ಕೈಯಲ್ಲಿ ಅಜ್ಜನ ಫೋಟೋ. "ಉಸಿರಾಡೋಕೆ ಮೂಗಿಗೆ ಎರಡು ಕೊಳವೆ ಇಟ್ರಂತೆ ಸಾರ್. ಉಸಿರು ವಿಚಾರಿಸ್ಕೊಂಡ್ರು, ಹೆಸರು ಮಾತ್ರ ಕೇಳ್ಲಿಲ್ಲ ಅಂತಿದ್ರು ನಮ್ಮಜ್ಜ."

ಹೋಲಿಕೆ ಸಾಬೀತಾದರೆ ಮುಖ ಅವರ ಮನೆಗೆ. ಇಲ್ಲವಾದರೆ ಮತ್ತೆ ಕಪಾಟಿಗೆ.

ಡೈರೆಕ್ಟರು ಫೋಟೋ ನೋಡಿದರು, ಮುಖ ನೋಡಿದರು. "ಮೂಗೇ ಹೊಂದಲ್ವಲ್ಲಮ್ಮ. ನಿಮ್ಮಜ್ಜಂದು ಚಪ್ಪಟೆ, ಇದು ಗಿಣಿಮೂಗು" ಎಂದು ಅರ್ಜಿ ತಿರಸ್ಕರಿಸಲು ಪೆನ್ನಿನ ಕ್ಯಾಪ್ ಬಿಚ್ಚಿದರು.

ಗಾರೆಯಣ್ಣ ಕೈಯಿಂದ ತನ್ನ ಮೂಗು ಮುಚ್ಚಿಕೊಂಡ. ಕಪಾಟು ಒರೆಸುವಾಗ ಒಡೆದ ಮೂಗುಗಳ ಜಾಗಕ್ಕೆಲ್ಲ ಮೂವತ್ತು ವರ್ಷದಿಂದ ಅವನು ತನ್ನ ಮೂಗಿನ ಅಚ್ಚನ್ನೇ ಇಡುತ್ತ ಬಂದಿದ್ದ. ಬೇರೆಯವರ ವಿಷಯದಲ್ಲಿ ಮೂಗು ತೂರಿಸುವವರು ಬೇಕಾದಷ್ಟಿದ್ದಾರೆ. ಇವನು ಅಂಟಿಸಿಯೇ ಬಿಟ್ಟಿದ್ದ. ಬಾಯಿಬಿಟ್ಟರೆ ನೌಕರಿಗೆ ಸಂಚಕಾರ. ನಿವೃತ್ತಿಗೆ ನಾಲ್ಕೇ ತಿಂಗಳು.

ನರ್ಸಮ್ಮ ಫೋಟೋವನ್ನು ಚೀಲಕ್ಕೆ ಹಾಕಿಕೊಳ್ಳತೊಡಗಿದರು. ಚೀಲದ ಜಿಪ್ಪು ಅವರ ಕೈಗೆ ಸಿಗುತ್ತಿರಲಿಲ್ಲ.

"ತಡೀರಿ ಸಾರ್." ಗಾರೆಯಣ್ಣ ಜೇಬಿನಿಂದ ಉಳಿ ತೆಗೆದವನೇ ನಲವತ್ತೇಳರ ಮೂಗಿನ ಬುಡಕ್ಕೆ ಒಂದೇಟು ಕೊಟ್ಟ. ಮೂಗು ಟಣ್ಣನೆ ಹಾರಿ ನೆಲಕ್ಕೆ ಬಿತ್ತು.

"ಏಯ್! ತಲೆ ನೆಟ್ಟಗಿದೆಯೇನೋ ನಿಂಗೆ?"

"ತಲೆ ಅವರದೇ ಸಾರ್. ಮೂಗು ಮಾತ್ರ ನಂದು." ಅವನು ಪಕ್ಕಕ್ಕೆ ತಿರುಗಿ ನಿಂತ. ಅರ್ಧ ಮೀಸೆಯ ಮೇಲೆ ಅದೇ ಗಿಣಿಮೂಗು.

ಡೈರೆಕ್ಟರು ಫೋಟೋವನ್ನು ಈಸಿಕೊಂಡು, ಅದರ ಮೂಗಿಗೆ ಹೆಬ್ಬೆರಳು ಅಡ್ಡ ಇಟ್ಟು ಮತ್ತೆ ನೋಡಿದರು. ಎರಡರಲ್ಲೂ ಹುಬ್ಬನ್ನು ಸೀಳಿದ ಅದೇ ಗಾಯದ ಗುರುತು. ಅದೇ ಗದ್ದದ ಕುಳಿ. ಬಹಳ ಹೊತ್ತು ನೋಡಿ ಕೊನೆಗೆ ಒಪ್ಪಿಗೆಯ ಸಹಿ ಹಾಕಿದರು. "ನಿನ್ನ ವಿಚಾರ ಆಮೇಲೆ" ಎಂದು ಗಾರೆಯಣ್ಣನನ್ನು ದುರುಗುಟ್ಟಿದರು.

ನರ್ಸಮ್ಮ ಅಜ್ಜನ ಮುಖವನ್ನು ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡರು. ಕಣ್ಣು ತುಂಬಿತ್ತು. "ಗುರುತು ಪರಿಚಯ ಇಲ್ಲದೋರಿಗೆ ನಿನ್ನ ಸ್ವಂತ ಮೂಗನ್ನೇ ಕೊಟ್ಟಿದ್ದೀಯಲ್ಲ ತಮ್ಮಾ, ಯಾಕಪ್ಪಾ ಅವರ ಮೇಲೆ ಅಷ್ಟೊಂದು ಅಕ್ಕರೆ?"

ಗಾರೆಯಣ್ಣ ಬೋಳಾದ ತುಟಿ ಸವರಿಕೊಂಡ.

"ಮೊದ್ಲು ಹೆಂಡ್ತಿ ಮೂಗು ಕೇಳ್ದೆ ಅಕ್ಕಾ. ಕೊಡ್ಲಿಲ್ಲ."